ಸೂಜಿ ಅಕ್ಕೋರ ತಪ್ಪು

ಅವರು ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟಿದ್ದು ಎರಡು ತಿಂಗಳು ತಡವಾಗಿ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಮಂಡಕ್ಕಿ ಪೊಟ್ಟಣ ಹಿಡಿದು ನಿಂತಿದ್ದೆ. ನಮ್ಮ ಭಾಗದ ಆರೋಗ್ಯ ಕೇಂದ್ರದಲ್ಲಿ ಹಿಂದೆ ಕಾಂಪೌಂಡರ್ ಆಗಿದ್ದವರು ಸಿಕ್ಕರು. ಅದೂ ಇದೂ ಮಾತಾಡಿ, ಕೊನೆಗೆ ನೆನಪಾದವರಂತೆ, ‘ನಮ್ಮ ಸಿಸ್ಟರಮ್ಮ ಹೋಗಿಬಿಟ್ರಲ್ರಿ, ನಿಮಗ ಗೊತ್ತಾತಿಲ್ಲೋ?’ ಎಂದರು. ಹಡಗಲಿಯಲ್ಲಿ ಮಗಳ ಮನೆಯಲ್ಲಿದ್ದರಂತೆ. ಸಕ್ಕರೆ ಕಾಯಿಲೆ ಇತ್ತಂತೆ. ಊರ ಮಕ್ಕಳ ಮೈಯೆಲ್ಲ ನೋಡಿದವರಿಗೆ ತಮ್ಮ ಕಾಲಿನ ಹುಣ್ಣು ತೋರಿಸಿಕೊಳ್ಳಲು ಪುರುಸೊತ್ತಾಗಲಿಲ್ಲವಂತೆ. ಇಷ್ಟು ಹೇಳಿ ಅವರು ಕೂಡ್ಲಿಗಿ ಬಸ್ಸು ಹೋಯಿತೇ ಎಂದು ಕೇಳಿದರು. ಹೋಯಿತು ಎಂದೆ. ಮಂಡಕ್ಕಿ ತಿನ್ನಲಾಗಲಿಲ್ಲ, ಎಸೆಯಲೂ ಮನಸ್ಸಾಗಲಿಲ್ಲ. ಪೊಟ್ಟಣ ಹಾಗೇ ಹಿಡಿದುಕೊಂಡು ಮನೆಗೆ ಬಂದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಶಾಲೆಯ ಮಕ್ಕಳೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ದೊಡ್ಡವರ ಬಾಯಲ್ಲಿ ಸಿಸ್ಟರಮ್ಮ, ಮಕ್ಕಳ ಬಾಯಲ್ಲಿ ಸೂಜಿ ಅಕ್ಕೋರು. ತೊಂಬತ್ತರ ದಶಕ ಶುರುವಾಗಿತ್ತು. ನಾನು ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗಿದ್ದ ಒಂದು ಊರಿನ ಶಾಲೆಗೆ ಹೊಸದಾಗಿ ಮೇಷ್ಟ್ರಾಗಿ ಬಂದಿದ್ದೆ. ಶಾಲೆಗೆಂದೇ ನರ್ಸು ಇರುವುದನ್ನು ನಾವು ಕನಸಿನಲ್ಲೂ ಕಂಡವರಲ್ಲ. ಆರೇಳು ಊರಿನ ಬಾಣಂತನ, ಕೂಸುಗಳ ಲಸಿಕೆ, ಮಲೇರಿಯಾದ ರಕ್ತ ತೆಗೆಯುವುದು, ಎಲ್ಲವೂ ಮುಗಿದ ಮೇಲೆ ಉಳಿದ ಚೂರುಪಾರು ಹೊತ್ತು ಶಾಲೆಗೆ. ತಿಂಗಳಿಗೊಮ್ಮೆ ಬರುತ್ತಿದ್ದರು. ಬಸ್ಸು ಬಿಡುವ ಕ್ರಾಸಿನಿಂದ ಎರಡು ಮೈಲಿ ನಡೆದು, ಒಂದು ಹೆಗಲಿಗೆ ಲಸಿಕೆಯ ಡಬ್ಬಿ, ಇನ್ನೊಂದು ಹೆಗಲಿಗೆ ಚೀಲ, ಕೈಯಲ್ಲಿ ಛತ್ರಿ.

ಆಗ ಇನ್ನೂ ಗಾಜಿನ ಸಿರಿಂಜುಗಳ ಕಾಲ. ಶಾಲೆಯ ಪಡಸಾಲೆಯಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿ, ಸೂಜಿ ಕುದಿಸಲು ಇಡುತ್ತಿದ್ದರು. ಸ್ಟವ್ವಿಗೆ ಪಂಪು ಹೊಡೆಯುವ ಸದ್ದು ಕೇಳಿದರೆ ಸಾಕು, ನಾಲ್ಕನೇ ತರಗತಿಯ ಕಿಟಕಿ ಹಾರಿ ಅರ್ಧ ಮಕ್ಕಳು ಬೇಲಿ ದಾಟಿರುತ್ತಿದ್ದರು. ಹಿಡಿದು ತರುವುದು ನನ್ನ ಕೆಲಸ. ಹಾಗೆ ಹಿಡಿದು ತಂದ ಮಕ್ಕಳಿಗೆ ನಾನು, ‘ಏನೂ ಆಗಲ್ಲಲೇ, ಇರುವಿ ಕಡದಂಗ’ ಎಂದು ಪುಸಲಾಯಿಸುತ್ತಿದ್ದೆ. ಸಿಸ್ಟರಮ್ಮ ಒಂದು ದಿನ ನನ್ನನ್ನು ತಡೆದು, ಮಕ್ಕಳ ಎದುರಿಗೇ, ಸುಳ್ಳು ಹೇಳಬೇಡಿ ಮೇಷ್ಟ್ರೆ ಎಂದರು. ಆಮೇಲೆ ಸಾಲಿನಲ್ಲಿದ್ದ ಮೊದಲ ಹುಡುಗನ ತೋಳು ಹಿಡಿದು, ‘ನೋವಾಗತೈತಿ. ಅಳು ಬಂದ್ರ ಅಳು. ಕೈ ಮಾತ್ರ ಅಲ್ಲಾಡಿಸಬ್ಯಾಡ’ ಎಂದರು. ಅವನು ಅತ್ತ, ಕೈ ಅಲ್ಲಾಡಿಸಲಿಲ್ಲ. ಅಂದಿನಿಂದ ಬೇಲಿ ಹಾರುವವರು ಕಡಿಮೆಯಾದರು.

ನಗುಮುಖದವರೇನಲ್ಲ. ಸೇವೆ, ತ್ಯಾಗ ಅಂತೆಲ್ಲ ಭಾಷಣದಲ್ಲಿ ಹೇಳುತ್ತಾರಲ್ಲ, ಅಂಥದ್ದೇನೂ ಅವರ ಮುಖದಲ್ಲಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ದಣಿವು. ಬಂದವರೇ ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ‘ಐದು ನಿಮಿಷ ನನ್ನ ಯಾರೂ ಕರೀಬ್ಯಾಡ್ರಿ’ ಎಂದು ಕಣ್ಣು ಮುಚ್ಚುತ್ತಿದ್ದರು. ಕೂತಲ್ಲೇ ನಿದ್ದೆ. ಸರಿಯಾಗಿ ಐದು ನಿಮಿಷಕ್ಕೆ ಯಾರೂ ಎಬ್ಬಿಸದೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ನಮ್ಮ ಹೆಡ್‌ಮಾಸ್ತರರಿಗೆ ತಮ್ಮ ಕುರ್ಚಿಯಲ್ಲಿ ಒಬ್ಬ ಹೆಂಗಸು ನಿದ್ದೆ ಮಾಡುವುದು ಸರಿಬರುತ್ತಿರಲಿಲ್ಲ, ಆದರೆ ಹೇಳುವ ಧೈರ್ಯವೂ ಇರಲಿಲ್ಲ. ಆ ಐದು ನಿಮಿಷ ಅವರು ಹೊರಗೆ ಬೇವಿನ ಮರದ ಕೆಳಗೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಎದ್ದ ಮೇಲೆ ಅವರ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ. ಮಕ್ಕಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು, ಉಗುರು ಒತ್ತಿ ನೋಡುವುದು, ಹುಡುಗಿಯರ ಜಡೆ ಬಿಚ್ಚಿ ಹೇನು ನೋಡುವುದು. ಕಬ್ಬಿಣಾಂಶದ ಮಾತ್ರೆಯನ್ನು ಕೈಗೆ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ನುಂಗಿಸಿ, ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದರು. ಆರು ಏಳನೇ ತರಗತಿಯ ಹುಡುಗಿಯರು ತಿಂಗಳಲ್ಲಿ ನಾಲ್ಕು ದಿನ ಶಾಲೆಗೆ ಬರುವುದಿಲ್ಲ ಎಂದು ಹಾಜರಿ ನೋಡಿಯೇ ಹಿಡಿದರು. ಶಾಲೆಗೆ ಒಂದು ಪಾಯಿಖಾನೆ ಇತ್ತು. ಸಾಹೇಬರು ತಪಾಸಣೆಗೆ ಬಂದಾಗ ಸ್ವಚ್ಛ ಇರಲಿ ಎಂದು ಅದಕ್ಕೆ ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಹೆಡ್‌ಮಾಸ್ತರರು ಬೀರುವಿನಲ್ಲಿ ಇಟ್ಟಿದ್ದರು. ಒಳಗಿನಿಂದ ಹಾಕಿಕೊಳ್ಳಲು ಚಿಲಕವೇ ಇರಲಿಲ್ಲ. ಮುಂದಿನ ತಿಂಗಳು ಅವರು ಲಸಿಕೆಯ ಜೊತೆ ಒಂದು ಚಿಲಕ, ನಾಲ್ಕು ಸ್ಕ್ರೂ ತಂದು, ಬೀಗ ತೆಗೆಸಿ, ತಾವೇ ಕೂತು ಜಡಿದರು. ಕೀಲಿ ಇನ್ನು ಹುಡುಗಿಯರ ಹತ್ತಿರ ಇರಲಿ ಎಂದಾಗ ಹೆಡ್‌ಮಾಸ್ತರರು ತಪಾಸಣೆಯ ಮಾತೆತ್ತಿದರು. ಸಾಹೇಬರು ಬಂದಾಗ ತೊಳೆಯಲು ನನ್ನನ್ನು ಕರೆಸಿ ಎಂದರಷ್ಟೆ ಅವರು. ಕೀಲಿ ಅಂದೇ ದೊಡ್ಡ ಹುಡುಗಿಯರ ಕೈಗೆ ಹೋಯಿತು.

ಇನ್ನು ಆ ಚಾರ್ಟಿನ ಮಾತು. ಇದನ್ನು ಹೇಳದೆ ಅವರ ಬಗ್ಗೆ ಬೇರೆ ಏನು ಬರೆದರೂ ನಾನು ಕಳ್ಳನೇ.

ಒಂದು ವರ್ಷ ಮಕ್ಕಳ ಕಣ್ಣು ಪರೀಕ್ಷೆ ಮಾಡಬೇಕೆಂದು ಮೇಲಿನಿಂದ ಬಂತು. ಅವರು ಕನ್ನಡ ಅಕ್ಷರಗಳ ಒಂದು ಚಾರ್ಟು ತಂದರು. ಮೇಲೆ ಒಂದೇ ದೊಡ್ಡ ಅಕ್ಷರ, ಕೆಳಗೆ ಬರಬರುತ್ತಾ ಸಣ್ಣ ಅಕ್ಷರದ ಸಾಲುಗಳು. ಅಂದು ಯಾವುದೋ ಊರಿನಿಂದ ಹೆರಿಗೆಗೆ ಕರೆ ಬಂದು ಅವರು ಅವಸರದಲ್ಲಿ ಹೊರಟರು. ಚಾರ್ಟನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಹಾಕಿಡಿ, ಬರುವ ಗುರುವಾರ ಬಂದು ನೋಡುತ್ತೇನೆ ಎಂದರು. ನಾನು ನಾಲ್ಕನೇ ತರಗತಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ.

ನಮ್ಮ ಶಾಲೆಯಲ್ಲಿ ಗೋಡೆಗೆ ಬಂದ ಚಾರ್ಟು ಅಂದರೆ ಓದಿಸಲಿಕ್ಕೆ ಬಂದದ್ದು. ಹಣ್ಣಿನ ಚಾರ್ಟು, ಕಾಗುಣಿತದ ಚಾರ್ಟು, ಮಗ್ಗಿಯ ಚಾರ್ಟು, ಎಲ್ಲವನ್ನೂ ಕೋಲಿನಲ್ಲಿ ತೋರಿಸಿ ಓದಿಸಿದ್ದೇವೆ. ಅದರ ಮೇಲೆ ಇದಕ್ಕೆ ‘ಪರೀಕ್ಷೆ’ ಎಂಬ ಹೆಸರು ಬೇರೆ. ನನ್ನ ತರಗತಿಯ ಒಂದು ಮಗುವೂ ಫೇಲಾಗಬಾರದು ಎಂಬ ಹುರುಪು ನನಗೆ. ಒಂದು ವಾರ, ದಿನಾ ಪ್ರಾರ್ಥನೆ ಮುಗಿದ ಮೇಲೆ, ಕೋಲು ಹಿಡಿದು ಚಾರ್ಟು ಓದಿಸಿದೆ. ಗ, ಟ ರ, ಲ ಸ ಪ ಎಂದು ಮಕ್ಕಳು ಮಗ್ಗಿಯ ರಾಗದಲ್ಲಿ ಒಕ್ಕೊರಲಿನಿಂದ ಕೂಗಿದರು. ಬುಧವಾರದ ಹೊತ್ತಿಗೆ ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳೂ ಎಲ್ಲರಿಗೂ ಬಾಯಿಪಾಠ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗುರುವಾರ ಅವರು ಬಂದರು. ಅಂದು ಐದು ನಿಮಿಷದ ನಿದ್ದೆಯೂ ಇಲ್ಲ, ಮುಖ ಕಪ್ಪಿಟ್ಟಿತ್ತು. ಹೆಜ್ಜೆ ಹಾಕಿ ದೂರ ಅಳೆದು, ಸೀಮೆಸುಣ್ಣದಿಂದ ಗೆರೆ ಎಳೆದು, ಒಬ್ಬೊಬ್ಬರನ್ನೇ ನಿಲ್ಲಿಸಿದರು. ಒಂದು ಕಣ್ಣು ಅಂಗೈಯಲ್ಲಿ ಮುಚ್ಚಿಸಿ ಓದಿಸಿದರು, ಆಮೇಲೆ ಇನ್ನೊಂದು. ಎಲ್ಲರೂ ಗಡಗಡ ಓದಿದರು. ಎಲ್ಲರಿಗಿಂತ ಚೆನ್ನಾಗಿ ಓದಿದ್ದು ಕೊಟ್ರಮ್ಮ ಎಂಬ ಹುಡುಗಿ. ಅವಳು ಯಾವಾಗಲೂ ಹಿಂದೆ ಕೂರುತ್ತಿದ್ದಳು, ಕರಿಹಲಗೆಯ ಮೇಲಿನದನ್ನು ಬರೆದುಕೊಳ್ಳುವಾಗ ತಪ್ಪು ತಪ್ಪು, ಆದರೆ ಪದ್ಯ, ಮಗ್ಗಿ ಒಮ್ಮೆ ಕಿವಿಗೆ ಬಿದ್ದರೆ ಮರೆಯುತ್ತಿರಲಿಲ್ಲ. ತಲೆ ಇದೆ, ಲಕ್ಷ್ಯ ಇಲ್ಲ ಎಂದು ನಾನು ಎಷ್ಟೋ ಸಲ ಅವಳ ಬೆನ್ನಿಗೆ ಕೊಟ್ಟಿದ್ದೆ. ಓದು ಹತ್ತಲ್ಲ, ಐದನೇ ತರಗತಿ ಮುಗಿದರೆ ಹೊಲದ ಕೆಲಸಕ್ಕೆ ಹಾಕಿಕೊಳ್ಳಿ ಎಂದು ಅವಳ ಅಪ್ಪನಿಗೆ ಹೇಳಿದವನೂ ನಾನೇ. ಸಿಸ್ಟರಮ್ಮ ಅವಳ ಹೆಸರಿನ ಮುಂದೆಯೂ ‘ಸರಿ ಇದೆ’ ಎಂದು ಬರೆದರು. ಹೆಡ್‌ಮಾಸ್ತರರು ಎಲ್ಲರೂ ಪಾಸು ಎಂದು ಖುಷಿಯಾಗಿ ಚಹಾ ತರಿಸಿದರು.

ಮುಂದಿನ ವರ್ಷ ಆ ಮಕ್ಕಳು ಐದನೇ ತರಗತಿಗೆ ಬಂದರು. ಹತ್ತು ವರ್ಷದವರಿಗೆ ಹಾಕುವ ಧನುರ್ವಾಯುವಿನ ಚುಚ್ಚುಮದ್ದಿಗೆ ಸಾಲು ನಿಂತಿತ್ತು. ಸೂಜಿ ಕಂಡೊಡನೆ ಒಬ್ಬೊಬ್ಬರ ಮುಖವೂ ಕಿವುಚುತ್ತಿತ್ತು. ಕೊಟ್ರಮ್ಮನ ಮುಖ ಮಾತ್ರ ಹಾಗೇ ಇತ್ತು. ಸ್ಪಿರಿಟ್ಟಿನ ಹತ್ತಿ ತೋಳಿಗೆ ತಣ್ಣಗೆ ಮುಟ್ಟಿದಾಗಲೇ ಅವಳು ಬೆಚ್ಚಿದ್ದು. ಸಿಸ್ಟರಮ್ಮನ ಕೈ ನಿಂತಿತು. ಸಿರಿಂಜನ್ನು ಒಂದು ಮಾರು ದೂರ ಎತ್ತಿ ಹಿಡಿದು, ನನ್ನ ಕೈಯಲ್ಲಿರುವುದೇನು ಎಂದು ಕೇಳಿದರು. ಕೊಟ್ರಮ್ಮ ತಲೆ ವಾರೆ ಮಾಡಿ ನೋಡಿ, ಪೆನ್ನು ಎಂದಳು.

ಚುಚ್ಚುಮದ್ದು ಅಲ್ಲಿಗೇ ನಿಲ್ಲಿಸಿ ಅವಳನ್ನು ನಾಲ್ಕನೇ ತರಗತಿಗೆ ಕರೆದುಕೊಂಡು ಹೋದರು. ಚಾರ್ಟು ಇನ್ನೂ ಅದೇ ಮೊಳೆಯಲ್ಲಿತ್ತು. ನಮ್ಮಲ್ಲಿ ಒಮ್ಮೆ ಹಾಕಿದ್ದನ್ನು ಯಾರು ತೆಗೆಯುತ್ತಾರೆ. ಮತ್ತೆ ದೂರ ಅಳೆದು ನಿಲ್ಲಿಸಿ ಓದು ಎಂದರು. ಕೊನೆಯ ಸಾಲಿನ ತನಕ ಒಂದೂ ತಪ್ಪಿಲ್ಲದೆ ಓದಿದಳು. ಅವಳನ್ನು ಬಾಗಿಲ ಕಡೆ ತಿರುಗಿಸಿ ನಿಲ್ಲಿಸಿ, ಸದ್ದಾಗದಂತೆ ಚಾರ್ಟನ್ನು ಮೊಳೆಯಿಂದ ತೆಗೆದು ಸುತ್ತಿ ಬಗಲಲ್ಲಿ ಇಟ್ಟುಕೊಂಡರು. ಮತ್ತೆ ಗೋಡೆಯ ಕಡೆ ತಿರುಗಿಸಿ, ‘ಇನ್ನೊಮ್ಮಿ ಓದವಾ’ ಎಂದರು. ಅವಳು ಕೈಯಿಂದ ಒಂದು ಕಣ್ಣು ಮುಚ್ಚಿಕೊಂಡು, ಬರಿಯ ಗೋಡೆಗೆ ಮುಖ ಮಾಡಿ, ಗ, ಟ ರ, ಲ ಸ ಪ ಎಂದು ನಾನು ಕಲಿಸಿದ ರಾಗದಲ್ಲೇ ಪೂರ್ತಿ ಒಪ್ಪಿಸಿದಳು. ತರಗತಿಯ ಮಕ್ಕಳು ಕಿಸಕ್ಕನೆ ನಕ್ಕರು. ಸಿಸ್ಟರಮ್ಮ ನನ್ನತ್ತ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ವಾರದೊಳಗೆ ಅವರೇ ಅಪ್ಪನನ್ನೂ ಮಗಳನ್ನೂ ಬಸ್ಸು ಹತ್ತಿಸಿಕೊಂಡು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಿಬಂದರು. ಬಲಗಣ್ಣು ಕನ್ನಡಕದಿಂದ ಸರಿಹೋಗುತ್ತದೆ, ಎಡಗಣ್ಣು ಮಾತ್ರ ನೋಡುವ ಅಭ್ಯಾಸವನ್ನೇ ಬಿಟ್ಟಿದೆ ಎಂದರಂತೆ ಅಲ್ಲಿನ ಡಾಕ್ಟರು. ಒಂದು ವರ್ಷ ಮೊದಲೇ ತಂದಿದ್ದರೆ ಪ್ರಯತ್ನ ಮಾಡಬಹುದಿತ್ತು, ಈಗ ಆಗುವುದು ಕಷ್ಟ ಎಂದೂ ಹೇಳಿದರಂತೆ. ಆ ಒಂದು ವರ್ಷ ಎಲ್ಲಿ ಹೋಯಿತು ಎಂಬುದು ನನಗೆ ಗೊತ್ತಿತ್ತು, ಸಿಸ್ಟರಮ್ಮನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ.

ಅವನು ಮರುದಿನ ಶಾಲೆಗೆ ಬಂದ. ಸಿಸ್ಟರಮ್ಮ ಉಳಿದ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದಿದ್ದರು, ನಾನು ಪಕ್ಕದಲ್ಲೇ ಮಕ್ಕಳ ಹೆಸರು ಕೂಗುತ್ತಿದ್ದೆ. ಹೋದ ವರ್ಷ ನನ್ನ ಮಗಳ ಕಣ್ಣು ಸರಿ ಇದೆ ಎಂದು ಬರೆದವರು ಯಾರು ಎಂದು ಅವನು ಕೇಳಿದ.

‘ನಾನ’ ಎಂದರು ಅವರು.

ಅವನು ಬಾಯಿಗೆ ಬಂದಂತೆ ಬೈದ. ಸರ್ಕಾರದ ಸಂಬಳ ತಿಂದು ಕೂಸಿನ ಕಣ್ಣು ತೆಗೆದೆ ಎಂದ. ಮಕ್ಕಳೆಲ್ಲ ನೋಡುತ್ತಿದ್ದರು. ಅವರು ಸಿರಿಂಜು ತಟ್ಟೆಯಲ್ಲಿಟ್ಟು, ಕೈ ಕಟ್ಟಿ ನಿಂತು ಕೇಳಿಸಿಕೊಂಡರು. ಬೈದು ಬೈದು ಅವನ ದನಿ ಒಡೆದು ಅಳು ಬಂತು. ಕೊನೆಗೆ ನನ್ನ ಕಡೆ ತಿರುಗಿ ಕೈ ಮುಗಿದು, ‘ನೀವು ಒಬ್ರು ಅದೀರಿ ಅಂತ ಆಕೀನ ಶಾಲಿಗೆ ಕಳಿಸ್ತೀನ್ರಿ ಸಾರ್’ ಎಂದ. ಸಿಸ್ಟರಮ್ಮ ಬಳ್ಳಾರಿಯ ದಾರಿಯಲ್ಲಿ ಅವನಿಗೆ, ಹುಡುಗಿಯ ಕಣ್ಣಿನ ತೊಂದರೆ ಮೊದಲು ಗುರುತಿಸಿ ನನಗೆ ಹೇಳಿದ್ದು ನಿಮ್ಮ ಮೇಷ್ಟ್ರು ಎಂದು ಹೇಳಿದ್ದರಂತೆ. ನಾನು ಪಟ್ಟಿ ನೋಡಿ ಮುಂದಿನ ಮಗುವಿನ ಹೆಸರು ಕೂಗಿದೆ.

ಅವನು ಹೋದ ಮೇಲೆ ಬೇವಿನ ಮರದ ಕೆಳಗೆ ಅವರ ಹತ್ತಿರ ಹೋಗಿ, ತಪ್ಪು ನನ್ನದು, ಅವನ ಮನೆಗೇ ಹೋಗಿ ಹೇಳಿಬರುತ್ತೇನೆ ಎಂದೆ. ಅವರು ಲಸಿಕೆಯ ಡಬ್ಬಿಗೆ ಮುಚ್ಚಳ ಹಾಕಿದರು. ಆಮೇಲೆ ಮಾತಾಡಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

‘ನೀವು ಬಾಯಿಪಾಠ ಮಾಡಿಸಿದ್ರಿ, ಖರೆ. ಅಷ್ಟೂ ಮಕ್ಕಳು ರಾಗ ಹಾಕಿ ಓದಿದ್ರ ನನಗರ ಸಂಶಯ ಬರಬೇಕಿತ್ತಲ್ರಿ? ದಣದಿದ್ದೆ, ಬರದು ಹೋದೆ. ಈಗ ನಿಮ್ಮ ಹೆಸರು ಹೇಳಿದ್ರ ಆತ ನಾಳೀನ ಆ ಹುಡುಗೀನ ಶಾಲಿ ಬಿಡಿಸ್ತಾನ. ನನ್ನ ಮ್ಯಾಲೆ ಸಿಟ್ಟಾಗ್ಲಿ ಬಿಡ್ರಿ, ನಾನು ತಿಂಗಳಿಗೊಮ್ಮಿ ಬರಾಕಿ. ಆಕಿ ಏಳನೇತ್ತ ಮುಗಿಸೋ ತನಕ ಬಾಯಿ ಮುಚ್ಕಂಡಿರ್ರಿ. ಮುಂದಿನ ಬೆಂಚಿನ್ಯಾಗ ಕುಂದರ್ಸಿ ಓದಸ್ರಿ.’

ಓದಿಸಿದೆ. ಅದೊಂದನ್ನು ಮಾತ್ರ ನೆಟ್ಟಗೆ ಮಾಡಿದೆ. ಕೊಟ್ರಮ್ಮನನ್ನು ಮುಂದಿನ ಸಾಲಿಗೆ ತಂದೆ, ಕನ್ನಡಕಕ್ಕೆ ನಕ್ಕ ಹುಡುಗರ ಕಿವಿ ಹಿಂಡಿದೆ. ಹಲಗೆಯ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳುವುದನ್ನು ರೂಢಿಸಿಕೊಂಡೆ. ಅವಳು ಏಳನೇ ತರಗತಿಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಳು. ಅವಳ ಅಪ್ಪ ಪೇಡೆ ತಂದು ನನ್ನ ಕಾಲಿಗೆ ಬಿದ್ದ. ಅವತ್ತು ಹೇಳಬೇಕಿತ್ತು. ವಾಯಿದೆ ಅವತ್ತಿಗೆ ಮುಗಿದಿತ್ತು. ಪೇಡೆ ತಿಂದೆ, ಸುಮ್ಮನಾದೆ. ಹೈಸ್ಕೂಲಿಗೆ ಸೇರಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಮುಂದೆ ನನಗೆ ಹರಪನಹಳ್ಳಿ ಕಡೆ ವರ್ಗವಾಯಿತು, ಅಲ್ಲಿಗೆ ಅದೂ ಒಂದು ನೆಪವಾಯಿತು.

ಕೊಟ್ರಮ್ಮನ ಆ ಘಟನೆಯ ನಂತರ ಸಿಸ್ಟರಮ್ಮ ಚಾರ್ಟನ್ನು ಯಾವ ಶಾಲೆಯಲ್ಲೂ ಬಿಟ್ಟುಹೋಗಲಿಲ್ಲ. ಚೀಲದಲ್ಲೇ ಇಟ್ಟುಕೊಂಡು ತಿರುಗಿದರು. ಪರೀಕ್ಷೆಯ ಹೊತ್ತಿಗೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಮೇಷ್ಟ್ರುಗಳನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡುತ್ತಿದ್ದರು. ಸುತ್ತಲಿನ ಶಾಲೆಗಳ ಮೇಷ್ಟ್ರುಗಳಿಗೆ ಅದು ಅವಮಾನವಾಯಿತು. ಒಂದು ಮೀಟಿಂಗಿನಲ್ಲಿ ನಾಲ್ಕೈದು ಜನ ಎದ್ದು, ನಾವೇನು ಕಳ್ಳರೇ, ನಮ್ಮ ತರಗತಿಯಿಂದ ನಮ್ಮನ್ನೇ ಹೊರಗೆ ಹಾಕುತ್ತಾರೆ ಎಂದು ದೂರಿದರು. ಸಾಹೇಬರು ಸಿಸ್ಟರಮ್ಮನನ್ನು ಕರೆಸಿ ಕಾರಣ ಕೇಳಿದರು. ನನಗೆ ಹಾಗೆ ಅಭ್ಯಾಸವಾಗಿದೆ ಸಾರ್ ಎಂದರು ಅವರು. ಅಹಂಕಾರದ ಹೆಂಗಸು ಎಂದು ನನ್ನ ಪಕ್ಕದವರು ಪಿಸುಗುಟ್ಟಿದರು. ನಾನು ಮೂರನೇ ಸಾಲಿನಲ್ಲಿ ಕೂತು ಡೈರಿಯಲ್ಲಿ ಏನೋ ಗೀಚುತ್ತಿದ್ದೆ. ಹೊರಗೆ ಬಂದಾಗ ಅವರು ನನ್ನನ್ನು ಕಂಡು, ಊಟ ಆಯಿತೇ ಮೇಷ್ಟ್ರೆ ಎಂದು ಕೇಳಿದರು. ನಾನು ಆಯಿತು ಎಂದೆ. ಆಗಿರಲಿಲ್ಲ.

ನಿವೃತ್ತಿಯ ದಿನ ಅವರಿಗೆ ದೊಡ್ಡ ಸನ್ಮಾನವೇನೂ ಆಗಲಿಲ್ಲವಂತೆ. ನಾನು ಹೋಗಿರಲಿಲ್ಲ. ಹೋಗಿದ್ದರೆ ಎರಡು ಮಾತಾಡು ಎನ್ನುತ್ತಾರೆ ಎಂಬ ಹೆದರಿಕೆ ನನಗೆ. ಇಷ್ಟು ವರ್ಷದ ಪರಿಚಯದಲ್ಲಿ ಅವರ ಮನೆಯಲ್ಲಿ ಯಾರಿದ್ದಾರೆ, ಏನು ಕಷ್ಟ, ಕಾಲು ಯಾಕೆ ಎಳೆಯುತ್ತೀರಿ ಎಂದು ನಾನು ಒಂದು ದಿನವೂ ಕೇಳಿದವನಲ್ಲ. ಅವರ ಎದುರು ನಿಂತರೆ ನನಗೆ ನನ್ನ ತಪ್ಪೇ ಕಾಣುತ್ತಿತ್ತು. ಹಾಗಾಗಿ ಅವರನ್ನು ನೋಡುವುದನ್ನೇ ತಪ್ಪಿಸಿದೆ.

ಬಸ್ ನಿಲ್ದಾಣದಲ್ಲಿ ಸುದ್ದಿ ಕೇಳಿದ ಮೇಲೆ ಮೂರು ದಿನ ಊಟ ಸೇರಲಿಲ್ಲ. ನಾನು ಯಾರ ಕ್ಷಮೆ ಕೇಳಬೇಕಿತ್ತೋ ಅವರು ಹೋಗಿದ್ದರು. ನಿಜ ಯಾರಿಗೆ ಹೇಳಬೇಕಿತ್ತೋ ಅವಳಾದರೂ ಇದ್ದಾಳಲ್ಲ ಎಂದು ನಾಲ್ಕನೆಯ ದಿನ ಕೊಟ್ರಮ್ಮನನ್ನು ಹುಡುಕಿಕೊಂಡು ಹೊರಟೆ. ಕೊಟ್ಟೂರಿನ ಹತ್ತಿರದ ಒಂದು ಊರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದಾಳೆ ಎಂದು ಕೇಳಿದ್ದೆ. ಹೋದಾಗ ಮಕ್ಕಳನ್ನು ತೂಕ ಮಾಡುತ್ತಿದ್ದಳು. ನನ್ನನ್ನು ದನಿಯಿಂದಲೇ ಗುರುತಿಸಿದಳು. ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ ಓಡಿಬಂದು ಕಾಲು ಮುಟ್ಟಿದಳು, ಕುರ್ಚಿ ಹಾಕಿದಳು, ಬೇಡವೆಂದರೂ ಒಳಗೆ ಹೋಗಿ ಚಹಾ ಮಾಡಿ ತಂದಳು. ಎದುರು ಚಾಪೆಯ ಮೇಲೆ ಕೂತು, ನೀವು ಅವತ್ತು ನನ್ನ ಕಣ್ಣಿನ ತೊಂದರೆ ಗುರುತು ಹಿಡಿದು ಅಕ್ಕೋರಿಗೆ ಹೇಳದಿದ್ದರೆ ನಾನು ಇವತ್ತು ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದೆ ಸಾರ್ ಎಂದಳು.

ನಾನು ಹೇಳಿದೆ. ಸಿಸ್ಟರಮ್ಮ ತೀರಿಕೊಂಡದ್ದನ್ನು ಮೊದಲು ಹೇಳಿದೆ. ಅದು ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ಚಾರ್ಟು ಬಾಯಿಪಾಠ ಮಾಡಿಸಿದ್ದು, ನಿನ್ನ ಕಣ್ಣು ಗುರುತು ಹಿಡಿದದ್ದು ನಾನಲ್ಲ ಅವರು, ನಿನ್ನ ಅಪ್ಪ ಬೈದಾಗ ಪಕ್ಕದಲ್ಲಿ ನಿಂತು ನಾನು ತುಟಿ ಬಿಚ್ಚಲಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮುಗಿದ ಮೇಲೆ, ಅಕ್ಕೋರು ಯಾಕೆ ಸುಮ್ಮನಿದ್ದರು ಎಂದು ಕೇಳಿದಳು. ನೀನು ಏಳನೇತ್ತ ಮುಗಿಸುವ ತನಕ ಹೇಳಬೇಡಿ ಅಂದಿದ್ದರು ಎಂದೆ.

‘ನಾನು ಏಳನೇತ್ತ ಮುಗಿಸಿ ಎಷ್ಟು ವರ್ಷ ಆತ್ರಿ ಸಾರ್?’

ಅವಳು ಚಾಪೆಯ ಕಡ್ಡಿಯೊಂದನ್ನು ಉಗುರಿನಿಂದ ಬಿಡಿಸುತ್ತಾ ಕೂತಳು. ಒಳಗೆ ಮಕ್ಕಳು ಗಲಾಟೆ ಮಾಡುತ್ತಿದ್ದವು, ಸಹಾಯಕಿ ಗದರುತ್ತಿದ್ದಳು.

‘ಹೋದ ವರ್ಷ ಮದುವಿಗಂತ ಹಡಗಲಿಗೆ ಹೋಗಿದ್ದೆ’ ಎಂದಳು, ನನ್ನ ಕಡೆ ನೋಡದೆ. ‘ಸಂತಿ ದಾರ್‍ಯಾಗ ಅಕ್ಕೋರು ಎದುರಿಗೆ ಬಂದ್ರು. ನಿಂತು, ಕಣ್ಣು ಹ್ಯಾಂಗದಾವ ತಾಯಿ ಅಂದ್ರು. ನಾನು ಮಾರಿ ತಿರುವಿಕೊಂಡು ಹ್ವಾದೆ. ಹಿಂದಿಂದ ಇನ್ನೊಮ್ಮಿ ಕರದ್ರು. ಕೇಳಿಸ್ಲಾರದವರಂಗ ಹ್ವಾದೆ.’

ಎದ್ದಳು. ನನ್ನ ಮುಂದಿದ್ದ ಚಹಾದ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು. ನಾನು ಇನ್ನೂ ಕುಡಿದಿರಲಿಲ್ಲ.